ಗೈಡಿಂಗ್ ಗ್ರಾಫ್ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು

ಆಕಾಶದ ಫೋಟೊ ತೆಗೆಯುವ ನಾಲ್ಕು ಜನ ಒಂದು ಕಡೆ ಟ್ರೈಪಾಡ್ ಊರಿದರೆ, ರಾತ್ರಿ ಹತ್ತರ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ. "ನಿಂದು ಗೈಡಿಂಗ್ ಎಷ್ಟು ಬರ್ತಿದೆ?" ಗೈಡಿಂಗ್ ಅಂದರೆ ಸಣ್ಣ ಕ್ಯಾಮೆರಾದಿಂದ ಒಂದು ನಕ್ಷತ್ರವನ್ನು ನೋಡುತ್ತಾ, ಟೆಲಿಸ್ಕೋಪ್ ಹೊತ್ತು ಆಕಾಶದ ಜೊತೆ ತಿರುಗುವ ಮೌಂಟನ್ನು ಆಗಾಗ ತಿದ್ದುವುದು. ಉತ್ತರ ಒಂದೇ ಒಂದು ಸಂಖ್ಯೆ, ತಪ್ಪು ಸರಾಸರಿ ಎಷ್ಟು ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ) ಎಂದು. 0.8 ಅಂದರೆ ಪರವಾಗಿಲ್ಲ ಎಂದು ತಲೆ ಆಡಿಸುತ್ತಾರೆ. 0.5 ಅಂದರೆ ಎದ್ದು ಬಂದು ಪರದೆ ನೋಡುತ್ತಾರೆ. 1.2 ಅಂದರೆ ಸಲಹೆಗಳು ಶುರುವಾಗುತ್ತವೆ. ಬ್ಯಾಲೆನ್ಸ್ ನೋಡು, ಕೇಬಲ್ ಎಳೀತಿದೆಯಾ ನೋಡು, ಬೆಲ್ಟ್ ಹಾಕಿಸು. ಕೊನೆಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಸಾಫ್ಟ್‌ವೇರ್ ಬದಲಿಸು. ನಾನು ಬದಲಿಸಿದ ಮೇಲೆ ಅರ್ಧಕ್ಕೆ ಇಳೀತು."

ಈ ಕೊನೆಯ ಸಲಹೆ ನನ್ನನ್ನು ತುಂಬಾ ಕಾಲದಿಂದ ಕಾಡುತ್ತಿದೆ. ಪಿಎಚ್‌ಡಿ2, ಇಕೋಸ್‌ನ ಒಳಗಿರುವ ಗೈಡರ್, ಮೊಬೈಲಿನಿಂದ ನಡೆಸುವ ಎಎಸ್‌ಐ ಏರ್ ಪೆಟ್ಟಿಗೆ, ಗೈಡಿಂಗ್ ಮಾಡುವ ಈ ಮೂರು ಸಾಫ್ಟ್‌ವೇರ್‌ಗಳನ್ನೂ ಒಂದೇ ಮೌಂಟಿನ ಮೇಲೆ ಸಾಕಷ್ಟು ಓಡಿಸಿದ್ದೇನೆ. ಮೂರೂ ಒಳ್ಳೆಯವು. ಆದರೆ ಯಾವುದರಲ್ಲಿ ಸಂಖ್ಯೆ ಕಡಿಮೆ ಬರುತ್ತದೆ ಎಂದು ಹೋಲಿಸುತ್ತಾ ಕೂತರೆ ಏನೂ ತಿಳಿಯುವುದಿಲ್ಲ ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಏನಾದರೂ ಕೆಟ್ಟಾಗ ಯಾವುದು ಕಾರಣವನ್ನು ಕಣ್ಣಿಗೆ ಕಾಣುವ ಹಾಗೆ ಮುಂದಿಡುತ್ತದೆ? ಹೋಲಿಸಬೇಕಾದ್ದು ಅದನ್ನು. ಯಾಕೆ ಹಾಗೆ ಅನಿಸಿತು ಎಂದು ಬರೆಯುತ್ತಾ ಹೋಗುತ್ತೇನೆ.

ಕಾಫಿ ಕಣದ ಮೇಲೆ

ಒಂದು ಜನವರಿಯಲ್ಲಿ ಸಕಲೇಶಪುರದ ಕಡೆ ಗೆಳೆಯರೊಬ್ಬರ ತೋಟಕ್ಕೆ ಹೋಗಿದ್ದೆವು. ಕಾಫಿ ಒಣಗಿಸುವ ಕಣ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಸಮತಟ್ಟಾದ ಸಿಮೆಂಟು, ಸುತ್ತ ದೀಪ ಇಲ್ಲ, ತಲೆ ಮೇಲೆ ಅಗಲವಾದ ಆಕಾಶ. ಕೊಯ್ಲಿನ ಸಮಯವಾದ್ದರಿಂದ ಅರ್ಧ ಕಣದಲ್ಲಿ ಕಾಫಿ ಹರಡಿ ಟಾರ್ಪಾಲಿನ್ ಹೊದಿಸಿದ್ದರು. ಉಳಿದರ್ಧ ನಮ್ಮದು. ಒಂಬತ್ತು ಗಂಟೆಗೇ ಟಾರ್ಪಾಲಿನ್ ಮೇಲೆ ಇಬ್ಬನಿ ನಿಂತು ಹೊಳೆಯುತ್ತಿತ್ತು. ಇಬ್ಬರು ಗೆಳೆಯರು ಪಕ್ಕಪಕ್ಕದಲ್ಲೇ ಎಚ್‌ಇಕ್ಯೂ5 ಮೌಂಟ್ ಇಟ್ಟಿದ್ದರು. ಇಬ್ಬರದ್ದೂ 420 ಮಿಲಿಮೀಟರ್ ಫೋಕಲ್ ಲೆಂತ್‌ನ ಸಣ್ಣ ರಿಫ್ರ್ಯಾಕ್ಟರ್. ಇಬ್ಬರದ್ದೂ ಗುರಿ ಒಂದೇ, ಮೃಗಶಿರದ (ಓರಾಯನ್) ಕುದುರೆ ತಲೆ ನೆಬ್ಯುಲಾ. ಒಬ್ಬ ಲ್ಯಾಪ್‌ಟಾಪಿನಲ್ಲಿ ಪಿಎಚ್‌ಡಿ2 ಓಡಿಸುತ್ತಿದ್ದ. ಇನ್ನೊಬ್ಬ ಮೌಂಟಿಗೆ ಕಟ್ಟಿದ ಸಣ್ಣ ಪೆಟ್ಟಿಗೆಯನ್ನು ಮೊಬೈಲಿನಿಂದ ನಡೆಸುತ್ತಿದ್ದ. ಪಿಎಚ್‌ಡಿ2 ಪರದೆಯಲ್ಲಿ 0.9. ಮೊಬೈಲಿನಲ್ಲಿ 0.52.

ಸಹಜವಾಗಿಯೇ ಎಲ್ಲರೂ ಮೊಬೈಲಿನ ಸುತ್ತ ಸೇರಿದರು. ಪಿಎಚ್‌ಡಿ2 ಗೆಳೆಯ ಬೇಜಾರು ಮಾಡಿಕೊಂಡು ಅಗ್ರೆಸಿವ್‌ನೆಸ್ (ತಿದ್ದುವ ಜೋರು) ಏರಿಸಿದ, ಇಳಿಸಿದ, ಎಕ್ಸ್‌ಪೋಷರ್ ಬದಲಿಸಿದ. ಸಂಖ್ಯೆ ಜಗ್ಗಲಿಲ್ಲ. ಆಗ ತೋಟದ ಗೆಳೆಯರು ಒಂದು ಸರಳವಾದ ಪ್ರಶ್ನೆ ಕೇಳಿದರು. ಅವರಿಗೆ ಈ ಹುಚ್ಚು ಇಲ್ಲ, ಸುಮ್ನೆ ಕಾಫಿ ತಂದುಕೊಟ್ಟು ನಮ್ಮ ಜೊತೆ ಕೂತಿದ್ದರು. "ಎರಡೂ ಫೋಟೊ ತೋರಿಸಿ ನೋಡೋಣ" ಎಂದರು. ಇಬ್ಬರೂ ಐದು ನಿಮಿಷದ ಒಂದೊಂದು ಫ್ರೇಮ್ ತೆರೆದು ಪಕ್ಕಪಕ್ಕ ಇಟ್ಟರು. ದೊಡ್ಡದು ಮಾಡಿ ನೋಡಿದರೆ 0.9 ಬಂದವನ ನಕ್ಷತ್ರಗಳು ಚಿಕ್ಕವಾಗಿ, ದುಂಡಗೆ ಇದ್ದವು. 0.52 ಬಂದವನ ನಕ್ಷತ್ರಗಳು ದಪ್ಪ. ಜೊತೆಗೆ ಒಂದು ಕಡೆಗೆ ಸ್ವಲ್ಪ ಎಳೆದ ಹಾಗೆ.

ಫೋಕಸ್ ಇರಬೇಕು ಎಂದು ಮೊಬೈಲಿನವನು ಮತ್ತೆ ಫೋಕಸ್ ಮಾಡಿದ. ಬದಲಾಗಲಿಲ್ಲ. ಕೊನೆಗೆ ಅವನ ಪೆಟ್ಟಿಗೆಯಿಂದ ಗೈಡಿಂಗ್ ಲಾಗ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿಕೊಂಡೆವು. ಲಾಗ್ ಅಂದರೆ ಬರೀ ಅಕ್ಷರದ ಫೈಲು, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಮೇಲಿನ ಕೆಲವು ಸಾಲುಗಳಲ್ಲೇ ಉತ್ತರ ಇತ್ತು. ಫೋಕಲ್ ಲೆಂತ್ 240 ಮಿಲಿಮೀಟರ್, ಪಿಕ್ಸೆಲ್ ಸ್ಕೇಲ್ 3.22 ಆರ್ಕ್‌ಸೆಕೆಂಡ್ ಎಂದು ಬರೆದಿತ್ತು. ಆದರೆ ಟೆಲಿಸ್ಕೋಪಿನ ಮೇಲೆ ಇದ್ದದ್ದು ಬೆರಳುದ್ದದ 30 ಮಿಲಿಮೀಟರ್ ಗೈಡ್ ಸ್ಕೋಪ್. ಅದರ ಫೋಕಲ್ ಲೆಂತ್ 120. ಮೊದಲು ಅವನ ಹತ್ತಿರ 60 ಮಿಲಿಮೀಟರ್‌ನ ದೊಡ್ಡ ಗೈಡ್ ಸ್ಕೋಪ್ ಇತ್ತು, 240 ಅದರ ಅಳತೆ. ಸ್ಕೋಪ್ ಬದಲಾಗಿತ್ತು, ಸೆಟ್ಟಿಂಗ್ ಬದಲಾಗಿರಲಿಲ್ಲ. 3.75 ಮೈಕ್ರಾನ್ ಪಿಕ್ಸೆಲ್‌ನ ಗೈಡ್ ಕ್ಯಾಮೆರಾಗೆ 120 ಮಿಲಿಮೀಟರ್‌ನಲ್ಲಿ ಒಂದು ಪಿಕ್ಸೆಲ್ ಎಂದರೆ 6.45 ಆರ್ಕ್‌ಸೆಕೆಂಡ್. ಸಾಫ್ಟ್‌ವೇರ್ ಅದನ್ನು ಅರ್ಧ ಎಂದು ನಂಬಿ ಎಲ್ಲ ಅಳತೆಯನ್ನೂ ಅರ್ಧಕ್ಕೆ ಇಳಿಸಿ ತೋರಿಸುತ್ತಿತ್ತು. ನಿಜವಾದ ಸಂಖ್ಯೆ 1.04.

ಅದೇ ಲಾಗಿನಲ್ಲಿ ಇನ್ನೊಂದು ಸಾಕ್ಷಿಯೂ ಇತ್ತು. ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಗೈಡ್ ರೇಟ್ (ತಿದ್ದುವಾಗ ಮೌಂಟ್ ಓಡುವ ವೇಗ) ಅದರ ಅರ್ಧಕ್ಕೆ ಇಟ್ಟಿದ್ದರೆ, ಖಗೋಳದ ಸಮಭಾಜಕದ ಹತ್ತಿರ ಕ್ಯಾಲಿಬ್ರೇಷನ್ ಮಾಡಿದಾಗ, ಅಂದರೆ ಮೌಂಟನ್ನು ಓಡಿಸಿ ನಕ್ಷತ್ರ ಎಷ್ಟು ಸರಿಯುತ್ತದೆ ಎಂದು ಅಳೆದಾಗ, ಆರ್‌ಎ (ಪೂರ್ವ-ಪಶ್ಚಿಮಕ್ಕೆ ತಿರುಗುವ ಅಕ್ಷ) ಸೆಕೆಂಡಿಗೆ 7.5 ಆರ್ಕ್‌ಸೆಕೆಂಡ್ ಓಡಬೇಕು. ಇಲ್ಲಿ ಸುಮಾರು 3.7 ಓಡಿತ್ತು. ಮೌಂಟ್ ಅರ್ಧ ವೇಗದಲ್ಲಿ ಓಡಲು ಕಾರಣವೇ ಇಲ್ಲ, ಅಳತೆಗೋಲು ಅರ್ಧ ಆಗಿದೆ ಅಷ್ಟೆ. ಪಿಎಚ್‌ಡಿ2 ತನ್ನ ಕ್ಯಾಲಿಬ್ರೇಷನ್ ಪುಟದಲ್ಲಿ ಅಳೆದ ವೇಗ ಮತ್ತು ಬರಬೇಕಾಗಿದ್ದ ವೇಗ ಎರಡನ್ನೂ ತೋರಿಸುತ್ತದೆ. ಎಷ್ಟು ಜನ ಆ ಪುಟ ತೆರೆದು ನೋಡುತ್ತಾರೆ?

ಅವನ ಮೌಂಟಿನಲ್ಲಿ ನಿಜಕ್ಕೂ ಒಂದು ತೊಂದರೆ ಇತ್ತು, ಡೆಕ್‌ನಲ್ಲಿ (ಉತ್ತರ-ದಕ್ಷಿಣಕ್ಕೆ ತಿರುಗುವ ಅಕ್ಷ) ದೊಡ್ಡ ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸುವಾಗ ಗೇರಿನ ಸಡಿಲ. ಅದು ಮುಂಚೆಯೂ ಇದ್ದಿರಬೇಕು. ಒಳ್ಳೆಯ ಸಂಖ್ಯೆ ಅದನ್ನು ಮುಚ್ಚಿಟ್ಟಿತ್ತು.

ಒಂದೇ ಮೊತ್ತ, ಬೇರೆ ಬೇರೆ ನಕ್ಷತ್ರ

ಸೆಟ್ಟಿಂಗ್ ಎಲ್ಲ ಸರಿ ಇದ್ದರೂ ಆ ಸಂಖ್ಯೆಯನ್ನು ನಂಬಿ ಹೋಲಿಸುವ ಹಾಗಿಲ್ಲ. ನಾವು ಹೇಳಿಕೊಳ್ಳುವ ಒಟ್ಟು ಆರ್‌ಎಂಎಸ್ ಎಂದರೆ ಆರ್‌ಎ ಮತ್ತು ಡೆಕ್ ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದದ್ದು. ಆರ್‌ಎ 0.8, ಡೆಕ್ 0.4 ಇದ್ದರೆ ಒಟ್ಟು 0.89. ಎರಡೂ 0.63 ಇದ್ದರೂ ಒಟ್ಟು 0.89. ಗೆಳೆಯರ ನಡುವೆ ಇಬ್ಬರದ್ದೂ ಒಂದೇ. ಫೋಟೊದಲ್ಲಿ ಹಾಗಲ್ಲ. ವಾತಾವರಣದ ಗಾಳಿಯ ಅಲುಗಾಟದಿಂದಲೇ ನಕ್ಷತ್ರ 2.5 ಆರ್ಕ್‌ಸೆಕೆಂಡ್ ಅಗಲ ಇದೆ ಅಂದುಕೊಳ್ಳಿ. ಅದಕ್ಕೆ ಗೈಡಿಂಗ್ ತಪ್ಪು ಸೇರಿದರೆ, ಮೊದಲನೆಯ ಮೌಂಟಿನಲ್ಲಿ ನಕ್ಷತ್ರ ಒಂದು ಕಡೆಗೆ 3.1, ಇನ್ನೊಂದು ಕಡೆಗೆ 2.7 ಆಗುತ್ತದೆ. ಮೊಟ್ಟೆಯಾಕಾರ ಕಣ್ಣಿಗೆ ಕಾಣುತ್ತದೆ. ಎರಡನೆಯದರಲ್ಲಿ ಎರಡೂ ಕಡೆ 2.9. ಚೂರು ದಪ್ಪ, ಆದರೆ ಪೂರ್ತಿ ದುಂಡು. ನನ್ನನ್ನು ಕೇಳಿದರೆ ಕಣ್ಣು ಮುಚ್ಚಿ ಎರಡನೆಯದನ್ನು ಆರಿಸಿಕೊಳ್ಳುತ್ತೇನೆ. ಆರ್‌ಎ ಮತ್ತು ಡೆಕ್ ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎಂದು ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದ್ದೇ ಅದು.

ಇದೇ ಲೆಕ್ಕವನ್ನು ಇನ್ನೊಂದು ಸಲ ಮಾಡಿ ನೋಡಿ. ಒಟ್ಟು 0.9 ಇದ್ದದ್ದನ್ನು ಕಷ್ಟಪಟ್ಟು 0.6ಕ್ಕೆ ಇಳಿಸಿದಿರಿ, ಎರಡು ಅಕ್ಷಗಳೂ ಸಮ ಇವೆ ಎಂದಿಟ್ಟುಕೊಳ್ಳಿ. ನಕ್ಷತ್ರದ ಅಗಲ 2.9ರಿಂದ 2.7ಕ್ಕೆ ಬರುತ್ತದೆ. 420 ಮಿಲಿಮೀಟರ್ ಟೆಲಿಸ್ಕೋಪಿನಲ್ಲಿ 3.76 ಮೈಕ್ರಾನ್ ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ಲೇ 1.85 ಆರ್ಕ್‌ಸೆಕೆಂಡ್. ಆ ವ್ಯತ್ಯಾಸ ಚಿತ್ರದಲ್ಲಿ ಸಿಗುವುದು ಕಷ್ಟ. ಎರಡು ಮೀಟರ್ ಫೋಕಲ್ ಲೆಂತ್‌ನಲ್ಲಿ ಸಣ್ಣ ಗೆಲಾಕ್ಸಿ ಹಿಡಿಯುವವರಿಗೆ ಅದು ಬೇಕು. ಸಣ್ಣ ರಿಫ್ರ್ಯಾಕ್ಟರ್‌ನಲ್ಲಿ ಅಗಲವಾದ ನೆಬ್ಯುಲಾ ತೆಗೆಯುವವರು ಇದಕ್ಕಾಗಿ ಒಳ್ಳೆಯ ರಾತ್ರಿಯ ಎರಡು ಗಂಟೆ ಕಳೆದುಕೊಳ್ಳುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ನಮಗೆ ಸಿಗುವುದೇ ನವೆಂಬರ್‌ನಿಂದ ಮಾರ್ಚ್‌ವರೆಗಿನ ಕೆಲವು ಅಮಾವಾಸ್ಯೆಗಳು. ಉಳಿದ ತಿಂಗಳೆಲ್ಲ ಮೋಡ ನೋಡುತ್ತಾ ಕೂರುವವರು ನಾವು.

ಎಷ್ಟು ಹೊತ್ತಿನ ಸರಾಸರಿ ಎನ್ನುವುದೂ ಇದೆ. ಪರದೆಯ ಮೇಲಿನ ಆರ್‌ಎಂಎಸ್ ಗ್ರಾಫಿನಲ್ಲಿ ಕಾಣುತ್ತಿರುವ ಬಿಂದುಗಳದ್ದು ಮಾತ್ರ. ಒಂದು ಸೆಕೆಂಡಿನ ಎಕ್ಸ್‌ಪೋಷರ್, ನೂರು ಬಿಂದು ಎಂದರೆ ಎರಡು ನಿಮಿಷವೂ ಆಗುವುದಿಲ್ಲ. ಎಚ್‌ಇಕ್ಯೂ5ರ ವರ್ಮ್ (ಆರ್‌ಎ ಅಕ್ಷವನ್ನು ತಿರುಗಿಸುವ ತಿರುಪಿನಂಥ ಗೇರು) ಒಂದು ಸುತ್ತು ಹಾಕಲು 638 ಸೆಕೆಂಡು ಬೇಕು. ಇಕ್ಯೂ6ಗೆ 479. ಆ ಸುತ್ತಿನಲ್ಲಿ ಗೇರು ಸಲೀಸಾಗಿ ಓಡುವ ಜಾಗವೂ ಇರುತ್ತದೆ, ಎಳೆದಾಡುವ ಜಾಗವೂ ಇರುತ್ತದೆ. ಸಲೀಸಾದ ಜಾಗದಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಯಾರ ಮೌಂಟ್ ಬೇಕಾದರೂ ಚೆನ್ನಾಗಿ ಕಾಣುತ್ತದೆ. ಎಕ್ಸ್‌ಪೋಷರ್ ಉದ್ದವೂ ಸಂಖ್ಯೆಯನ್ನು ಬದಲಿಸುತ್ತದೆ. ಅರ್ಧ ಸೆಕೆಂಡಿನಲ್ಲಿ ಗಾಳಿಯ ಪ್ರತಿ ನಡುಕವೂ ಗ್ರಾಫಿಗೆ ಬರುತ್ತದೆ. ಮೂರು ಸೆಕೆಂಡಿನಲ್ಲಿ ಅದು ತಾನಾಗಿಯೇ ಸರಾಸರಿಯಾಗಿ ಅಡಗುತ್ತದೆ. ಮೌಂಟ್ ಅದೇ, ರಾತ್ರಿ ಅದೇ. ಸಂಖ್ಯೆ ಬೇರೆ.

ವ್ಯತ್ಯಾಸ ಇರುವುದು ಎಲ್ಲಿ

ಹಾಗಾದರೆ ಸಾಫ್ಟ್‌ವೇರ್‌ಗಳ ನಡುವೆ ವ್ಯತ್ಯಾಸವೇ ಇಲ್ಲವೇ? ಇದೆ. ನಾವು ಹುಡುಕುವ ಜಾಗದಲ್ಲಿ ಇಲ್ಲ ಅಷ್ಟೆ.

ಒಂದು ಕಾಲಕ್ಕೆ ಗೈಡಿಂಗ್ ಎಂದರೆ ಅಡ್ಡಗೆರೆ ಇರುವ ಐಪೀಸ್‌ಗೆ ಕಣ್ಣಿಟ್ಟು ಗಂಟೆಗಟ್ಟಲೆ ಗುಂಡಿ ಒತ್ತುವುದು. 80ರ ದಶಕದ ಕೊನೆಯಲ್ಲಿ ಎಸ್‌ಬಿಐಜಿ ಕಂಪನಿಯ ಎಸ್‌ಟಿ-4 ಬಂದ ಮೇಲೆ ಆ ಕೆಲಸ ಒಂದು ಸಣ್ಣ ಸಿಸಿಡಿಗೆ ಹೋಯಿತು. ಮೌಂಟಿನ ಗೈಡ್ ಪೋರ್ಟಿಗೆ ನಾವು ಇವತ್ತಿಗೂ ಅದೇ ಹೆಸರು ಹೇಳುತ್ತೇವೆ. ಆಮೇಲೆ ಕ್ರೇಗ್ ಸ್ಟಾರ್ಕ್ ಪಿಎಚ್‌ಡಿ ಗೈಡಿಂಗ್ ಬರೆದರು. ಒಂದು ನಕ್ಷತ್ರದ ಮೇಲೆ ಕ್ಲಿಕ್ ಮಾಡು, ಗುಂಡಿ ಒತ್ತು, ಮುಗಿಯಿತು. ಮುಂದೆ ಅವರು ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ಆ್ಯಂಡಿ ಗಲಾಸ್ಸೊ, ಬ್ರೂಸ್ ವಾಡಿಂಗ್ಟನ್ ಮುಂತಾದವರು ಬಿಡುವಿನ ಹೊತ್ತಿನಲ್ಲಿ ಕೂತು ಅದನ್ನು ಪಿಎಚ್‌ಡಿ2 ಆಗಿ ಬೆಳೆಸಿದರು. ಒಂದು ರೂಪಾಯಿ ಕೊಡದೆ ನಾವೆಲ್ಲ ಅದನ್ನು ಬಳಸುತ್ತಿದ್ದೇವೆ. ಇದರ ಬೆಲೆ ನಾವು ಸಾಕಷ್ಟು ಅರಿತಿಲ್ಲ ಎಂದು ನನಗೆ ಆಗಾಗ ಅನಿಸುತ್ತದೆ.

ಎಎಸ್‌ಐ ಏರ್‌ನ ಗೈಡಿಂಗ್ ಕೂಡ ಪಿಎಚ್‌ಡಿ2 ಕೋಡಿನಿಂದಲೇ ಬಂದದ್ದು. ಅದರ ಲಾಗ್ ಫೈಲಿನ ಹೆಸರೇ ಪಿಎಚ್‌ಡಿ2 ಎಂದು ಶುರುವಾಗುತ್ತದೆ. ವ್ಯತ್ಯಾಸ ಇರುವುದು ಎಷ್ಟು ಗುಂಡಿಗಳನ್ನು ನಮ್ಮ ಕೈಗೆ ಕೊಟ್ಟಿದ್ದಾರೆ ಎನ್ನುವುದರಲ್ಲಿ. ಅಲ್ಲಿ ಅಗ್ರೆಸಿವ್‌ನೆಸ್, ಎಕ್ಸ್‌ಪೋಷರ್, ಗರಿಷ್ಠ ಪಲ್ಸ್, ಹೀಗೆ ಕೆಲವನ್ನು ಬಿಟ್ಟರೆ ಉಳಿದದ್ದು ಕಾಣುವುದಿಲ್ಲ. ಹೊಸಬರಿಗೆ ಇದು ದೊಡ್ಡ ಉಪಕಾರ. ಲ್ಯಾಪ್‌ಟಾಪ್ ಬೇಡ, ಡ್ರೈವರ್ ಜಗಳ ಇಲ್ಲ, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಎಲ್ಲ ಸರಿ ಇರುವ ರಾತ್ರಿ ನಾನೂ ಅದನ್ನೇ ಹಚ್ಚುತ್ತೇನೆ. ಸರಿ ಇಲ್ಲದ ರಾತ್ರಿ ಮಾತ್ರ ಕೈ ಕಟ್ಟಿಹಾಕಿದ ಹಾಗೆ ಆಗುತ್ತದೆ.

ಪಿಎಚ್‌ಡಿ2 ಒಳಗಿರುವ ಗೈಡಿಂಗ್ ಅಸಿಸ್ಟೆಂಟ್ ನನ್ನ ಪ್ರಕಾರ ಈ ಇಡೀ ಕ್ಷೇತ್ರದಲ್ಲೇ ಅತಿ ಮುಖ್ಯವಾದ ಸಾಧನ. ಅದು ಮೊದಲು ಗೈಡಿಂಗನ್ನು ನಿಲ್ಲಿಸುತ್ತದೆ. ಕೆಲವು ನಿಮಿಷ ನಕ್ಷತ್ರವನ್ನು ಅದರ ಪಾಡಿಗೆ ಬಿಟ್ಟು ಸುಮ್ಮನೆ ನೋಡುತ್ತದೆ. ಆಮೇಲೆ ಇಷ್ಟು ಭಾಗ ಗಾಳಿಯದ್ದು, ಇಷ್ಟು ಪೋಲಾರ್ ಅಲೈನ್‌ಮೆಂಟಿನದ್ದು (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ನೇರ ಮಾಡುವುದು), ಇಷ್ಟು ವರ್ಮಿನದ್ದು ಎಂದು ಬಿಡಿಸಿ ಇಡುತ್ತದೆ. ಬೇಕೆಂದರೆ ಡೆಕ್ ಅನ್ನು ಉತ್ತರಕ್ಕೆ ಓಡಿಸಿ ಮತ್ತೆ ದಕ್ಷಿಣಕ್ಕೆ ತಿರುಗಿಸಿ ಬ್ಯಾಕ್‌ಲ್ಯಾಶ್ ಎಷ್ಟು ಮಿಲಿಸೆಕೆಂಡ್ ಎಂದೂ ಅಳೆಯುತ್ತದೆ. ಕಣದ ಮೇಲೆ ಗೆಳೆಯನ ಮೌಂಟಿನ ರೋಗ ಸಿಕ್ಕಿದ್ದು ಇದರಿಂದಲೇ. ಗಾಳಿಯ ಪಾಲೇ 0.6 ಎಂದು ಅದು ಹೇಳಿದ ರಾತ್ರಿ 0.4 ಬರಿಸಲು ಒದ್ದಾಡುವುದರಲ್ಲಿ ಅರ್ಥ ಇಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಅದು ಗೊತ್ತಿಲ್ಲದೆ ಸಾಫ್ಟ್‌ವೇರ್ ಬದಲಿಸುವುದು ಜ್ವರ ಇಳಿಯಲಿ ಎಂದು ಥರ್ಮಾಮೀಟರ್ ಬದಲಿಸಿದ ಹಾಗೆ.

ಇಕೋಸ್ ಬಗ್ಗೆ ನಮ್ಮಲ್ಲಿ ಮಾತಾಡುವವರು ಕಡಿಮೆ. ಲಿನಕ್ಸ್ ಎಂದ ಕೂಡಲೇ ಹಿಂದೆ ಸರಿಯುತ್ತಾರೆ. ಜಾಸೆಮ್ ಮುತ್ಲಾಕ್ ಕೆಸ್ಟಾರ್ಸ್ ಎನ್ನುವ ಆಕಾಶ ನಕ್ಷೆಯ ಸಾಫ್ಟ್‌ವೇರ್ ಒಳಗೆ ಕಟ್ಟಿದ ಇದು ಒಂದು ರಾಸ್ಬೆರಿ ಪೈ ಮೇಲೆ ಇಡೀ ವೀಕ್ಷಣಾಲಯ ನಡೆಸುತ್ತದೆ. ಅದರ ಒಳಗಿನ ಗೈಡರ್ ಹಲವು ನಕ್ಷತ್ರಗಳನ್ನು ಒಟ್ಟಿಗೆ ನೋಡುತ್ತದೆ. ಬೇಡ ಎಂದರೆ ಹೊರಗಿನ ಪಿಎಚ್‌ಡಿ2 ಜೊತೆಗೂ ಕೆಲಸ ಮಾಡುತ್ತದೆ. ನನಗೆ ಅಲ್ಲಿ ತುಂಬಾ ಇಷ್ಟವಾದದ್ದು ಅನಲೈಸ್ ಎನ್ನುವ ಪುಟ. ಇಡೀ ರಾತ್ರಿಯನ್ನು ಒಂದೇ ಕಾಲರೇಖೆಯಲ್ಲಿ ಹಾಸಿ ತೋರಿಸುತ್ತದೆ. ಯಾವ ಫ್ರೇಮ್ ತೆಗೆಯುವಾಗ ಗೈಡಿಂಗ್ ಹೇಗಿತ್ತು, ನಕ್ಷತ್ರದ ಗಾತ್ರ ಎಷ್ಟಿತ್ತು ಎಂದು ಮೇಲೆ ಕೆಳಗೆ ಇಟ್ಟು ನೋಡಬಹುದು. ಗೈಡಿಂಗ್ ಕೆಟ್ಟಿದ್ದರಿಂದ ಫೋಟೊ ಕೆಟ್ಟಿತೋ, ಇಬ್ಬನಿಯಿಂದ ಕೆಟ್ಟಿತೋ ಎನ್ನುವ ವಾದ ಅಲ್ಲಿಗೇ ಮುಗಿಯುತ್ತದೆ.

ಲೆಕ್ಕಾಚಾರದ ಬಗ್ಗೆ ಎರಡು ಮಾತು. ಪಿಎಚ್‌ಡಿ2 ಆರ್‌ಎಗೆ ಸಾಮಾನ್ಯವಾಗಿ ಹಿಸ್ಟರೆಸಿಸ್ ಬಳಸುತ್ತದೆ, ಅಂದರೆ ಹಿಂದಿನ ತಿದ್ದುಪಡಿಯ ಸ್ವಲ್ಪ ನೆನಪನ್ನು ಇಟ್ಟುಕೊಂಡು ಈಗಿನದನ್ನು ತಿದ್ದುತ್ತದೆ. ಡೆಕ್‌ಗೆ ರೆಸಿಸ್ಟ್ ಸ್ವಿಚ್, ಅದು ದಿಕ್ಕು ಬದಲಿಸುವ ಮೊದಲು ತಪ್ಪು ನಿಜವಾಗಿಯೂ ಆ ಕಡೆಗೇ ಇದೆಯಾ ಎಂದು ಕಾದು ನೋಡುತ್ತದೆ. ಇವೆರಡೂ ನಡೆದ ತಪ್ಪನ್ನು ಆಮೇಲೆ ತಿದ್ದುವವು. ಮುಂದೆ ಬರುವ ತಪ್ಪನ್ನು ಊಹಿಸುವ ಪ್ರೆಡಿಕ್ಟಿವ್ ಪಿಇಸಿ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧನೆಯಿಂದ ಬಂದದ್ದು. ವರ್ಮಿನ ಒಂದೆರಡು ಸುತ್ತು ನೋಡಿ ಅದರ ಲಯ ಕಲಿತು, ತಪ್ಪು ಕಾಣುವ ಮೊದಲೇ ತಿದ್ದಲು ಶುರು ಮಾಡುತ್ತದೆ. ಎಚ್‌ಇಕ್ಯೂ5ರಂಥ ಮೌಂಟಿಗೆ ಇದರಿಂದ ನಿಜವಾದ ಲಾಭ ಇದೆ. ಅದೇ ಕೋಡು ಇಕೋಸ್‌ಗೂ ಹೋಗಿದೆ. ಹಲವು ನಕ್ಷತ್ರಗಳ ಗೈಡಿಂಗ್ ಈಗ ಮೂರರಲ್ಲೂ ಇದೆ. ಒಂದೊಂದು ನಕ್ಷತ್ರವನ್ನು ಗಾಳಿ ಒಂದೊಂದು ರೀತಿ ಅಲ್ಲಾಡಿಸುವುದರಿಂದ ಸರಾಸರಿ ತೆಗೆದಾಗ ಅಲುಗಾಟ ಕಡಿಮೆ ಆಗುತ್ತದೆ. ಮೌಂಟ್ ಗಾಳಿಯ ಹಿಂದೆ ಓಡುವುದು ತಪ್ಪುತ್ತದೆ, ಅದು ಒಳ್ಳೆಯದೇ. ಆದರೆ ಸಂಖ್ಯೆ ಇಳಿಯುವುದರಲ್ಲಿ ಒಂದು ಪಾಲು ಅಳತೆಯೇ ನಯವಾದದ್ದರಿಂದ ಬಂದದ್ದು. ಒಂದು ನಕ್ಷತ್ರದ 0.7ನ್ನೂ ಹಲವು ನಕ್ಷತ್ರಗಳ 0.5ನ್ನೂ ಪಕ್ಕಪಕ್ಕ ಇಟ್ಟು ಮೌಂಟ್ ಸುಧಾರಿಸಿತು ಎನ್ನಲಾಗದು.

ಮೆಟಾಗೈಡ್ ಬೇರೆ ದಾರಿಯದ್ದು. ವಿಡಿಯೊ ಫ್ರೇಮುಗಳನ್ನು ಒಂದರ ಮೇಲೊಂದು ಇಟ್ಟು ನಕ್ಷತ್ರದ ನಡುಭಾಗ ಹುಡುಕುತ್ತದೆ, ಕಾಲಿಮೇಷನ್‌ಗೂ (ಟೆಲಿಸ್ಕೋಪಿನ ಕನ್ನಡಿಗಳನ್ನು ಸರಿಯಾಗಿ ಹೊಂದಿಸುವುದು) ಚೆನ್ನಾಗಿದೆ. ಲಾಸರ್ಟಾ ಎಂಜೆನ್ ಕಂಪ್ಯೂಟರೇ ಬೇಡದ ಗೈಡರ್. ಇವನ್ನು ಬಳಸುವವರು ನಮ್ಮ ಸುತ್ತ ಕಡಿಮೆ, ಹಾಗಾಗಿ ಇಲ್ಲಿಗೇ ಬಿಡುತ್ತೇನೆ.

ಹದಿಮೂರು ಡಿಗ್ರಿಯಲ್ಲಿ ನಿಂತವರಿಗೆ

ಯುರೋಪು, ಅಮೆರಿಕದವರು ಮಾಡಿದ ಹೋಲಿಕೆಗಳನ್ನು ಓದಿ ಸೆಟ್ಟಿಂಗ್ ಹಾಕಿಕೊಳ್ಳುವ ಮುಂಚೆ ನಾವು ಎಲ್ಲಿ ನಿಂತಿದ್ದೇವೆ ನೋಡಿಕೊಳ್ಳಬೇಕು. ಬೆಂಗಳೂರು, ಹಾಸನ, ಮಂಗಳೂರು ಎಲ್ಲವೂ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲೆ. ಆ ಕಣದ ಉತ್ತರಕ್ಕೆ ಸಿಲ್ವರ್ ಓಕ್ ಮರಗಳ ಸಾಲು ಇತ್ತು, ಧ್ರುವ ಕಾಣುವ ಮಾತೇ ಇರಲಿಲ್ಲ. ಬೆಂಗಳೂರಿನ ತಾರಸಿಗಳಲ್ಲಿ ಪಕ್ಕದ ಮನೆಯ ನೀರಿನ ಟ್ಯಾಂಕು ಅದೇ ಕೆಲಸ ಮಾಡುತ್ತದೆ. ಕಂಡರೂ ಅಷ್ಟು ಕೆಳಗೆ ವಾತಾವರಣ ಬೆಳಕನ್ನು ಬಗ್ಗಿಸಿ ನಕ್ಷತ್ರವನ್ನು ಸುಮಾರು 4 ಆರ್ಕ್‌ಮಿನಿಟ್ ಮೇಲೆತ್ತಿ ತೋರಿಸುತ್ತದೆ. ಅದಕ್ಕೇ ಧ್ರುವ ನೋಡದೆ ಆಕಾಶದ ಬೇರೆ ಎರಡು ಮೂರು ಕಡೆ ಫೋಟೊ ತೆಗೆದು ಲೆಕ್ಕ ಹಾಕುವ ವಿಧಾನ ನಮಗೆ ತುಂಬಾ ಬೇಕಾದದ್ದು. ನೀನಾ (NINA) ಎನ್ನುವ ಸಾಫ್ಟ್‌ವೇರಿನ ಪ್ಲಗಿನ್‌ನಲ್ಲಿ, ಇಕೋಸ್‌ನಲ್ಲಿ, ಎಎಸ್‌ಐ ಏರ್‌ನಲ್ಲಿ ಇದು ಇದೆ. ಪಿಎಚ್‌ಡಿ2ನಲ್ಲಿ ಡ್ರಿಫ್ಟ್ ಅಲೈನ್‌ಮೆಂಟ್ (ನಕ್ಷತ್ರ ಸರಿಯುವುದನ್ನು ನೋಡಿ ಹೊಂದಿಸುವುದು) ಇದೆ. ನಿಧಾನ, ಆದರೆ ಧ್ರುವ ಬೇಕಾಗಿಲ್ಲ.

ನಮಗೆ ಒಂದು ಅನುಕೂಲವೂ ಇದೆ. ಕ್ಯಾಲಿಬ್ರೇಷನ್ ಖಗೋಳದ ಸಮಭಾಜಕದ ಹತ್ತಿರ, ಮೆರಿಡಿಯನ್ (ನೆತ್ತಿಯ ಮೇಲೆ ಉತ್ತರ-ದಕ್ಷಿಣವಾಗಿ ಹೋಗುವ ಗೆರೆ) ಬಳಿ ಮಾಡಿ ಎನ್ನುತ್ತದೆ ಪಿಎಚ್‌ಡಿ2 ಕೈಪಿಡಿ. ಲಂಡನ್ನಿನಲ್ಲಿ ಆ ಜಾಗ ದಿಗಂತದಿಂದ 38 ಡಿಗ್ರಿ ಎತ್ತರದಲ್ಲಿ, ದಪ್ಪ ಗಾಳಿಯ ಮೂಲಕ ನೋಡಬೇಕು. ನಮಗೆ 77 ಡಿಗ್ರಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ಅಲ್ಲಿ ಗಾಳಿಯ ಕಾಟ ತೀರಾ ಕಡಿಮೆ. ಒಂದು ಸಲ ಅಲ್ಲಿ ಸರಿಯಾಗಿ ಕ್ಯಾಲಿಬ್ರೇಷನ್ ಮಾಡಿ ಉಳಿಸಿಕೊಂಡರೆ, ಗೈಡ್ ಕ್ಯಾಮೆರಾ ತಿರುಗಿಸದೆ ಇರುವವರೆಗೆ ಅದನ್ನೇ ಬಳಸಬಹುದು. ಒಂದೇ ಷರತ್ತು, ಮೌಂಟ್ ಕಂಪ್ಯೂಟರಿನ ಜೊತೆ ಆಸ್ಕಾಮ್ ಅಥವಾ ಇಂಡಿ ಎನ್ನುವ ಡ್ರೈವರ್ ವ್ಯವಸ್ಥೆಯ ಮೂಲಕ ಮಾತಾಡಬೇಕು. ಆಗ ಸಾಫ್ಟ್‌ವೇರ್‌ಗೆ ಟೆಲಿಸ್ಕೋಪ್ ಎಲ್ಲಿ ನೋಡುತ್ತಿದೆ, ಪಿಯರ್‌ನ (ಮೌಂಟ್ ನಿಂತ ಕಂಬ) ಯಾವ ಬದಿಯಲ್ಲಿದೆ ಎಂದು ಗೊತ್ತಿರುತ್ತದೆ. ಬರೀ ಎಸ್‌ಟಿ-4 ಕೇಬಲ್ ಹಾಕಿದರೆ ಅದು ಗೊತ್ತಾಗುವುದಿಲ್ಲ. ಮೆರಿಡಿಯನ್ ದಾಟಿದ ಮೇಲೆ ನಕ್ಷತ್ರ ಓಡಿಹೋಯಿತು ಎನ್ನುವವರ ಮೌಂಟಿನಲ್ಲಿ ಆ ಕೇಬಲ್ ಇದೆಯಾ ಎಂದು ಮೊದಲು ನೋಡಿ.

ಪೋಲಾರ್ ಅಲೈನ್‌ಮೆಂಟ್ 4 ಆರ್ಕ್‌ಮಿನಿಟ್ ತಪ್ಪಿದರೆ ಡೆಕ್ ಅತಿ ಹೆಚ್ಚೆಂದರೆ ನಿಮಿಷಕ್ಕೆ ಸುಮಾರು 1 ಆರ್ಕ್‌ಸೆಕೆಂಡ್ ಸರಿಯುತ್ತದೆ. ಅಷ್ಟನ್ನು ಯಾವ ಗೈಡರ್ ಆದರೂ ಸಲೀಸಾಗಿ ತಿದ್ದುತ್ತದೆ. ಬ್ಯಾಕ್‌ಲ್ಯಾಶ್ ಇರುವ ಮೌಂಟಿನಲ್ಲಿ ಈ ಸಣ್ಣ ತಪ್ಪು ಬೇಕಾದದ್ದೇ ಹೌದು. ನಕ್ಷತ್ರ ಯಾವಾಗಲೂ ಒಂದೇ ಕಡೆ ಸರಿಯುತ್ತಿದ್ದರೆ ಡೆಕ್ ಅನ್ನು ಒಂದೇ ದಿಕ್ಕಿಗೆ ತಿದ್ದು ಎಂದು ಹೇಳಿಬಿಡಬಹುದು. ಗೇರು ತಿರುಗಿ ಸಡಿಲ ದಾಟುವ ಪ್ರಸಂಗವೇ ಬರುವುದಿಲ್ಲ. ಆ ರಾತ್ರಿ ಗೆಳೆಯನ ಎಚ್‌ಇಕ್ಯೂ5ಗೆ ಇದನ್ನೇ ಮಾಡಿದೆವು. ಅವನ ಮೌಂಟನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಡೆಕ್ ಬರೀ ಉತ್ತರಕ್ಕೆ ಎಂದು ಇಟ್ಟೆವು. ಒಂದರ ಸುಮಾರಿಗೆ ಅವನ ನಕ್ಷತ್ರಗಳು ದುಂಡಾದವು. ಸಂಖ್ಯೆ ಆಗಲೂ 0.8ರ ಆಸುಪಾಸಿನಲ್ಲೇ ಇತ್ತು.

ಯಾವ ಗೈಡರ್‌ಗೂ ಕಾಣದ್ದು

ಎಲ್ಲ ಸಾಫ್ಟ್‌ವೇರ್‌ಗಳೂ ಸೋಲುವ ಒಂದು ಜಾಗ ಇದೆ. ಗೈಡ್ ಸ್ಕೋಪೂ ಮುಖ್ಯ ಟೆಲಿಸ್ಕೋಪೂ ಒಂದೇ ಕಡೆ ನೋಡುತ್ತಿವೆ ಎಂದು ಅವು ನಂಬುತ್ತವೆ. ಗೈಡ್ ಸ್ಕೋಪ್ ಕೂತಿರುವ ಶೂ ಸ್ವಲ್ಪ ಸಡಿಲ ಇದ್ದರೆ, ಫೋಕಸರ್ ಕ್ಯಾಮೆರಾ ಭಾರಕ್ಕೆ ಬಾಗಿದರೆ, ಎರಡೂ ನಿಧಾನವಾಗಿ ಬೇರೆ ಬೇರೆ ಕಡೆ ತಿರುಗುತ್ತವೆ. ಗ್ರಾಫ್ ನೆಟ್ಟಗೆ ಇರುತ್ತದೆ. ನಕ್ಷತ್ರಗಳು ಮಾತ್ರ ಗೆರೆ ಆಗುತ್ತವೆ. ಹೀಗೆ ಒಬ್ಬರು ಒಂದು ಇಡೀ ಚಳಿಗಾಲ ಸಾಫ್ಟ್‌ವೇರ್ ಮೇಲೆ ಸಾಫ್ಟ್‌ವೇರ್ ಬದಲಿಸಿದ್ದನ್ನು ಕಂಡಿದ್ದೇನೆ. ಕಂಡುಹಿಡಿಯುವುದು ಕಷ್ಟವಲ್ಲ. ಡಿದರಿಂಗ್ (ಫ್ರೇಮುಗಳ ನಡುವೆ ಟೆಲಿಸ್ಕೋಪನ್ನು ಬೇಕೆಂದೇ ಚೂರು ಸರಿಸುವುದು) ನಿಲ್ಲಿಸಿ. ಗೈಡಿಂಗ್ ನಡೆಯುತ್ತಿರಲಿ. ಒಂದು ಗಂಟೆ ಬಿಟ್ಟು ಮೊದಲ ಮತ್ತು ಕೊನೆಯ ಫ್ರೇಮ್ ಒಂದರ ಮೇಲೊಂದು ಇಡಿ. ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಸರಿದಿದ್ದರೆ ಬಾಗುತ್ತಿರುವುದು ಯಾವುದೋ ಸ್ಕ್ರೂ, ಶೂ ಅಥವಾ ಫೋಕಸರ್. ಅವರ ವಿಷಯದಲ್ಲಿ ಅದು ಗೈಡ್ ಸ್ಕೋಪ್ ಕೂರಿಸಿದ್ದ ತೆಳುವಾದ ಪ್ಲಾಸ್ಟಿಕ್ ಶೂ ಆಗಿತ್ತು. ಲೋಹದ್ದು ಹಾಕಿದ ಮೇಲೆ ಮೊದಲು ಬಿಟ್ಟ ಸಾಫ್ಟ್‌ವೇರಿಗೇ ವಾಪಸ್ಸು ಬಂದರು. ಉದ್ದ ಫೋಕಲ್ ಲೆಂತ್ ಇದ್ದರೆ ಮುಖ್ಯ ಟೆಲಿಸ್ಕೋಪಿನ ಬೆಳಕನ್ನೇ ಸ್ವಲ್ಪ ಗೈಡ್ ಕ್ಯಾಮೆರಾಗೆ ಕೊಡುವ ಆಫ್-ಆ್ಯಕ್ಸಿಸ್ ಗೈಡರ್ ಈ ತೊಂದರೆಯನ್ನು ಬುಡದಿಂದಲೇ ಕೀಳುತ್ತದೆ. ಅಲ್ಲಿ ನಕ್ಷತ್ರ ಹುಡುಕುವುದು ಸ್ವಲ್ಪ ಕಷ್ಟ, ಅಷ್ಟು ಕಷ್ಟಪಡುವುದು ಸಾರ್ಥಕ.

ಹಾಗಾದರೆ ಯಾವುದು?

ಹೊಸದಾಗಿ ಶುರು ಮಾಡುವವರು ಯಾವ ಪೆಟ್ಟಿಗೆ ಕೈಗೆ ಸಿಗುತ್ತದೋ ಅದರಲ್ಲೇ ಶುರು ಮಾಡಲಿ. ಮೊದಲ ವರ್ಷ ಆಕಾಶದ ಪರಿಚಯ ಆಗುವುದು ಮುಖ್ಯ. ಆದರೆ ಮೌಂಟ್ ಹೊಸದಾಗಿ ಬಂದಾಗ, ಬೆಲ್ಟ್ ಹಾಕಿಸಿದಾಗ, ಏನೋ ಸರಿ ಇಲ್ಲ ಅನಿಸಿದಾಗ ಒಂದು ರಾತ್ರಿ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ಪಿಎಚ್‌ಡಿ2 ಗೈಡಿಂಗ್ ಅಸಿಸ್ಟೆಂಟ್ ಓಡಿಸಿ. ಆಮೇಲೆ ಮತ್ತೆ ಪೆಟ್ಟಿಗೆಗೆ ಹೋಗಿ, ತೊಂದರೆ ಇಲ್ಲ. ಲಿನಕ್ಸ್ ಬಗ್ಗೆ ಹೆದರಿಕೆ ಇಲ್ಲದವರಿಗೆ ಇಕೋಸ್ ಎಂದು ಧೈರ್ಯವಾಗಿ ಹೇಳುತ್ತೇನೆ. ಹಾರ್ಮಾನಿಕ್ ಡ್ರೈವ್ ಮೌಂಟ್ ಇದ್ದವರು ಯಾವುದನ್ನೇ ಬಳಸಿದರೂ ಎಕ್ಸ್‌ಪೋಷರ್ ಅರ್ಧದಿಂದ ಒಂದು ಸೆಕೆಂಡಿನಲ್ಲಿ ಇಡಿ. ಅವುಗಳ ತಪ್ಪು ದೊಡ್ಡದು, ಬೇಗ ಬೇಗ ಬದಲಾಗುತ್ತದೆ. ಮೂರು ಸೆಕೆಂಡು ಕಾದರೆ ಹೊತ್ತು ಮೀರಿರುತ್ತದೆ.

ಹೋಲಿಸಲೇಬೇಕು ಎನ್ನುವವರಿಗೆ ನ್ಯಾಯವಾದ ದಾರಿ ಒಂದಿದೆ. ಒಂದೇ ರಾತ್ರಿ, ಒಂದೇ ಗುರಿ, ಪಿಯರ್‌ನ ಒಂದೇ ಬದಿ. ಎಕ್ಸ್‌ಪೋಷರ್ ಮೂರರಲ್ಲೂ ಒಂದೇ. ಒಂದೊಂದಕ್ಕೂ ವರ್ಮಿನ ಎರಡು ಸುತ್ತಿನಷ್ಟಾದರೂ ಸಮಯ ಕೊಟ್ಟು, ಮತ್ತೆ ಮೊದಲನೆಯದಕ್ಕೆ ಬನ್ನಿ. ಮೊದಲನೆಯದರ ಎರಡು ಸರದಿಯ ನಡುವೆಯೇ ದೊಡ್ಡ ವ್ಯತ್ಯಾಸ ಬಂದರೆ ಬದಲಾದದ್ದು ಗಾಳಿ. ತೀರ್ಪನ್ನು ಮುಖ್ಯ ಕ್ಯಾಮೆರಾದ ನಕ್ಷತ್ರಗಳಿಂದ ತೆಗೆದುಕೊಳ್ಳಿ, ಎಷ್ಟು ಅಗಲ, ಎಷ್ಟು ದುಂಡು ಎಂದು.

ಲಾಗ್ ವಿಷಯದಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಇದೆ. ಪಿಎಚ್‌ಡಿ2 ಬರೆಯುವ ರೀತಿಯಲ್ಲೇ ಎಎಸ್‌ಐ ಏರ್ ಬರೆಯುತ್ತದೆ, ಇಕೋಸ್‌ನ ಒಳಗಿನ ಗೈಡರ್ ಕೂಡ ಅದೇ ರೀತಿ ಬರೆಯುತ್ತದೆ. ಮೂರೂ ಪಿಎಚ್‌ಡಿ2 ಲಾಗ್ ವ್ಯೂವರ್‌ನಲ್ಲಿ ತೆರೆಯುತ್ತವೆ. ಹಾಗಾಗಿ ಮುಂದಿನ ಸಲ ನನ್ನನ್ನು "0.9 ಬರ್ತಿದೆ, ಏನು ಮಾಡಲಿ" ಎಂದು ಕೇಳುವವರು ಸ್ಕ್ರೀನ್‌ಶಾಟ್ ಬದಲು ಆ ಫೈಲು ಕಳಿಸಿ. ಜೊತೆಗೆ ಅದೇ ಹೊತ್ತಿನಲ್ಲಿ ತೆಗೆದ, ಏನೂ ತಿದ್ದದ ಒಂದು ಫ್ರೇಮ್. ನಾನು ಮೊದಲು ಫೋಕಲ್ ಲೆಂತ್ ಸಾಲು ನೋಡುತ್ತೇನೆ, ಆಮೇಲೆ ಕ್ಯಾಲಿಬ್ರೇಷನ್ ವೇಗ, ಆಮೇಲೆ ಆರ್‌ಎ ಮತ್ತು ಡೆಕ್ ಬೇರೆ ಬೇರೆಯಾಗಿ. ನೀವೇ ಈ ಕ್ರಮದಲ್ಲಿ ನೋಡಿದರೆ ನನಗೆ ಕಳಿಸುವ ಅಗತ್ಯವೂ ಬರಲಿಕ್ಕಿಲ್ಲ.